ದೇವಾನಂದ ಅಣ್ಣನ ಹೊಲ

ವೇದಿಕೆ ಮೇಲಿರುವ ಹಿರಿಯರಿಗೆ, ಮುಂದಿನ ಸಾಲಿನಲ್ಲಿ ಕುಳಿತಿರುವ ದೇವಾನಂದ ಅಣ್ಣನ ತಾಯಿ ಮಾಳಮ್ಮನವರಿಗೆ, ಅಣ್ಣನ ಹೆಂಡತಿ ಪಂಚಶೀಲಾ ವೈನಿಗೆ, ಮಗಳು ಪಲ್ಲವಿಗೆ, ಆಳಂದ, ಅಫಜಲಪುರ, ಜೇವರ್ಗಿ ಕಡೆಯಿಂದ ಬಸ್ ಹಿಡಿದು ಬಂದಿರುವ ನಿಮಗೆಲ್ಲ — ಜೈಭೀಮ, ಶರಣು, ಸಲಾಂ. ಯಾರಿಗೆ ಯಾವುದು ಸಲ್ಲಬೇಕೋ ಅದನ್ನು ತಗೊಳ್ರಿ.

ನನ್ನ ಹೆಸರು ನಜಮುನ್ನಿಸಾ. ಬಸ್ ನಿಲ್ದಾಣದ ಎದುರಿಗೆ ಶ್ರೀಮಂತ ಸಾಹುಕಾರರ ಫ್ಲೆಕ್ಸ್ ಅಂಗಡಿಯಲ್ಲಿ ಕಂಪ್ಯೂಟರ್ ಮುಂದೆ ಕೂಡುವವಳು. ಹೋದ ಸೋಮವಾರ ಎದೆನೋವು ಬಂದು, ಕಲಬುರಗಿ ದಾರಿಯಲ್ಲೇ ನಮ್ಮನ್ನು ಬಿಟ್ಟುಹೋದ ದೇವಾನಂದ ಅಣ್ಣ ಹನ್ನೊಂದು ವರ್ಷ ನನ್ನ ಪಕ್ಕದ ಮೇಜಿನಲ್ಲಿ ಕುಳಿತಿದ್ದರು. ಚಿತ್ರ ಅವರದು, ಅಕ್ಷರ ನನ್ನದು.

ಇಂಥ ಸಭೆಯಲ್ಲಿ ನಾನು ಮಾತಾಡಿದವಳಲ್ಲ. ಆದರೆ ಇಂಥ ಸಭೆಗಳ ಬ್ಯಾನರ್ ಮಾಡಿದ್ದು ನೂರಾರು. ‘ಶ್ರದ್ಧಾಂಜಲಿ’ ಅಂತ ಚೀಟಿಯಲ್ಲಿ ಬರೆದುಕೊಂಡು ಬರುವ ಹತ್ತು ಜನರಲ್ಲಿ ಎಂಟು ಜನ ಆ ‘ಧ’ ಒತ್ತಿನ ಹೊಟ್ಟೆ ಸೀಳುವುದಿಲ್ಲ. ನಾನು ಸೀಳುತ್ತೇನೆ. ನನಗೆ ಅದರದೇ ದೊಡ್ಡ ಹೆಮ್ಮೆ. ಮೊನ್ನೆ ಅಣ್ಣನ ಹೆಸರಿನ ಮೇಲೆ ಅದೇ ಪದ ಹೊಡೆದೆ — ತಪ್ಪು ಹೊಡೆದೆ. ಸಾಹುಕಾರರು ಬಂದು ತಿದ್ದಬೇಕಾಯಿತು.

ಅಣ್ಣ ಬಿಡಿಸದೇ ಇದ್ದದ್ದು ಏನಿದೆ ಹೇಳ್ರಿ. ಗೊಬ್ಬರದ ಅಂಗಡಿ ಗೋಡೆ ಮೇಲೆ ನಗುವ ರೈತ ಅವರದು. ಶಾಲೆಯಲ್ಲಿ ತೂಗುಹಾಕಿದ ಪಟದಲ್ಲಿ ಹೂವಿನ ಭಾಗಗಳು ಅವರವು. ಮದುವೆ ಕಾರ್ಡು, ಹಿಟ್ಟಿನ ಗಿರಣಿ ಬೋರ್ಡು, ಚುನಾವಣೆ ಚಿಹ್ನೆ — ಎಲ್ಲ ಪಕ್ಷದ್ದೂ, ಎಲ್ಲ ಒಂದೇ ವಾರದಲ್ಲಿ. ತೊಗರಿಗೆ ಬೀಳುವ ಹಸಿರು ಹುಳದ ಕರಪತ್ರ ಮಾಡಿದ್ದೆವು. ಒಬ್ಬ ರೈತ ಅದನ್ನು ಕೈಗೆ ತಗೊಂಡವನೇ ಆ ಹುಳವನ್ನು ಹೀಗೆ, ಬೆರಳಿನಿಂದ ಕೊಡವಿಬಿಟ್ಟ. ಅಣ್ಣ ಅವತ್ತೆಲ್ಲ ನಗುತ್ತಿದ್ದರು.

ಅದು ಆರು ದಿನದ ಕೆಲಸ. ಭಾನುವಾರ ಬೆಳಿಗ್ಗೆ ಅಣ್ಣ ಬೇರೆ. ಬೈಕಿಗೆ ಒಂದು ಚೀಲ ಕಟ್ಟಿಕೊಂಡು ಹೊಲಗಳ ಕಡೆ ಹೊರಡುವರು. ಜೇವರ್ಗಿ ಕಡೆಯ ಎರಿ ಮಣ್ಣು, ಅಫಜಲಪುರದ ಹೊಳಿ ದಂಡೆಯ ಮಣ್ಣು, ನಮ್ಮ ಆಳಂದದ ಹರಳುಗಲ್ಲಿನ ಗರಸು. ಮನೆಗೆ ತಂದು ಜರಡಿ ಹಿಡಿದು, ಬೇವಿನ ಅಂಟಿನಲ್ಲಿ ಕಲಸಿ, ರಟ್ಟಿನ ಮೇಲೆ ಹಚ್ಚುವರು. ಆ ಚಿತ್ರದಲ್ಲಿ ಮನುಷ್ಯ ಇಲ್ಲ, ಎತ್ತಿಲ್ಲ, ಗಿಡ ಇಲ್ಲ. ಬೇಸಿಗೆಯ ಬಿರುಕು, ನೀರು ಇಳಿದುಹೋದ ಗೆರೆ, ಎಲ್ಲೋ ಒಂದು ಕಡೆ ತೊಗರಿ ಹೂವಿನ ಹಳದಿ. ಅಷ್ಟೇ. ಕಂಪ್ಯೂಟರಿನಲ್ಲಿ ಅವರ ಹೆಸರಿನ ಕೆಳಗೆ ಎರಡೇ ಫೋಲ್ಡರ್ ಇದ್ದವು. ಒಂದರ ಹೆಸರು ‘ಮಂದೀದು’, ಇನ್ನೊಂದರ ಹೆಸರು ‘ನಂದು’. ಒಮ್ಮೆ ಕಲಬುರಗಿಯಲ್ಲಿ ಆ ಚಿತ್ರಗಳನ್ನು ತೂಗುಹಾಕಿದ್ದರು. ನೋಡಿದ ದೊಡ್ಡವರೊಬ್ಬರು ಬ್ಯಾನರ್ ಕೆಲಸ ಬಿಟ್ಟುಬಿಡು, ಕೈ ಕೆಡುತ್ತದೆ ಅಂದರಂತೆ. ಅಣ್ಣ ಹೂಂ ಅಂದು ಬಂದರು. ಮರುದಿನ ಬಂದು ಒಂದು ಬಟ್ಟೆ ಅಂಗಡಿಯ ಬೋರ್ಡಿಗೆ ಕೂತರು.

ಈಗ ನಾನು ಒಂದು ತಪ್ಪು ಒಪ್ಪಿಕೊಳ್ಳಬೇಕು. ಕಿಣ್ಣಿ ಸುಲ್ತಾನ ಊರಿನ ಸೈದಪ್ಪ ಕಾಕಾ ಇಲ್ಲಿ ಕೂತಿದ್ದಾರೆ. ಕಾಕಾ — ಇದು ನಿಮ್ಮ ಮನೆಯ ಮಾತು.

ತೀರಿಹೋದವರ ಬ್ಯಾನರ್ ಮಾಡಿಸಲು ಯಾರೇ ಬರಲಿ, ಅಣ್ಣ ಫೋಟೋ ಇಸಿದುಕೊಂಡು ಒಂದು ಮಾತು ಕೇಳುವರು: “ಅವರ ಹೊಲ ಯಾವ ಕಡಿಗಿ ಬರ್ತದ್ರಿ?” ದುಃಖದಲ್ಲಿ ಬಂದವರನ್ನು ಮಾತಿಗೆಳೆಯಲು ಕೇಳುತ್ತಾರೆ ಅಂತ ನಾನು ತಿಳಿದಿದ್ದೆ. ನಾನು ಕೆಲಸಕ್ಕೆ ಸೇರಿದ ಮೊದಲನೇ ವರ್ಷ, ಸೈದಪ್ಪ ಕಾಕಾನ ತಂದೆಯವರು ತೀರಿಕೊಂಡರು. ಅಣ್ಣ ಬ್ಯಾನರ್ ಸಿದ್ಧ ಮಾಡಿಟ್ಟು, ಗೋಡೆ ಬರೆಯಲು ಜೇವರ್ಗಿಗೆ ಹೋದರು. ನಾನು ತೆರೆದು ನೋಡಿದರೆ ಹಿರಿಯರ ಫೋಟೋ ಹಿಂದೆಲ್ಲ ಕಂದು ಬಣ್ಣದ ಕಲೆ, ಗೀರು. ಸ್ಕ್ಯಾನರ್ ಗಾಜು ಹೊಲಸಾಗಿದೆ ಅಂದುಕೊಂಡೆ. ಗಾಜು ಒರೆಸಿದೆ. ಆ ಕಲೆಯೆಲ್ಲ ತೆಗೆದು, ನೀಲಿ ಆಕಾಶ ಹಾಕಿದೆ, ಬಿಳಿ ಮೋಡ ಹಾಕಿದೆ. ಮುದ್ರಿಸಿ ಕೊಟ್ಟೂಬಿಟ್ಟೆ. ಮರುದಿನ ಅಣ್ಣ ಬಂದ ಕೂಡಲೇ ದೊಡ್ಡ ಕೆಲಸ ಮಾಡಿದವಳ ಹಾಗೆ ಹೇಳಿದೆ, ಹಿಂದೆಲ್ಲ ಹೊಲಸು ಕೂತಿತ್ತು ಅಣ್ಣ, ನಾನೇ ತೆಗೆದೆ ಅಂತ.

ಅವರು ಬೈಯಲಿಲ್ಲ. ಹೊರಗೆ ಹೋಗಿ ಚಹಾ ಕುಡಿದು ಬಂದರು. ಕುರ್ಚಿಯಲ್ಲಿ ಕೂತರು. ಆಮೇಲೆ ಅಂದರು —

“ಹೊಲಸಲ್ಲ ನಜಮಾ. ಹೊಲ.”

ಅವತ್ತೇ ನನಗೆ ಗೊತ್ತಾಗಿದ್ದು. ಬ್ಯಾನರ್ ಕೇಳಿ ಬಂದವರಿಂದ ಹೊಲದ ಗುರುತು ತಿಳಿದುಕೊಂಡು, ಆ ಮಧ್ಯಾಹ್ನವೇ ಬೈಕಿನಲ್ಲಿ ಹೋಗಿ, ಆ ಹೊಲದ ಒಂದು ಹಿಡಿ ಮಣ್ಣು ತಂದು, ಅಂಗೈ ಅಗಲದ ರಟ್ಟಿಗೆ ಹಚ್ಚಿ, ಅದನ್ನೇ ಸ್ಕ್ಯಾನ್ ಮಾಡಿ ತೆಳುವಾಗಿ ಫೋಟೋದ ಹಿಂದೆ ಇಡುತ್ತಿದ್ದರು. ಸತ್ತವರು ಉತ್ತ ಮಣ್ಣು ಸತ್ತವರ ಬೆನ್ನಿಗೆ. ಈ ಮಾತು ಮಂದಿಗೆ ಯಾಕೆ ಹೇಳುವುದಿಲ್ಲ ಅಂತ ಕೇಳಿದೆ. ಹೇಳಿದರೆ ಜನ ನನ್ನ ಚಿತ್ರ ನೋಡುತ್ತಾರೆ, ಹೋದವರ ಮುಖ ನೋಡುವುದಿಲ್ಲ ಅಂದರು. ನೋಡ್ರಿ — ಕಲಬುರಗಿಯ ಆ ದೊಡ್ಡವರಿಗೆ ಗೊತ್ತಾಗಲಿಲ್ಲ. ಹತ್ತು ವರ್ಷ ನೀವೆಲ್ಲ ನಿಮ್ಮ ನಿಮ್ಮ ಊರಿನಲ್ಲಿ ಅಣ್ಣನ ಚಿತ್ರದ ಮುಂದೆಯೇ ಕೈಮುಗಿದು ನಿಂತಿದ್ದೀರಿ.

ಸೈದಪ್ಪ ಕಾಕಾ, ನಿಮ್ಮ ತಂದೆಯವರೊಬ್ಬರಿಗೆ ಮಾತ್ರ ನನ್ನಿಂದ ಆಕಾಶ ಸಿಕ್ಕಿತು. ಹತ್ತು ವರ್ಷದಿಂದ ಈ ಮಾತು ನನ್ನ ಹೊಟ್ಟೆಯಲ್ಲಿದೆ. ನಿಮ್ಮ ತಾಯಿ ನಿಂಬೆವ್ವನವರಿಗೂ ಇದನ್ನು ಮುಟ್ಟಿಸ್ರಿ. ನನ್ನನ್ನು ಕ್ಷಮಿಸ್ರಿ.

ಮೊನ್ನೆ ಅಣ್ಣನ ಬ್ಯಾನರ್ ಮಾಡುವ ಪಾಳಿ ನನ್ನದಾಯಿತು. ‘ನಂದು’ ಫೋಲ್ಡರ್ ತೆರೆದೆ. ಭಾನುವಾರದ ದೊಡ್ಡ ಚಿತ್ರಗಳ ಜೊತೆಗೇ ಅಂಗೈ ಅಗಲದ ಆ ಹೊಲಗಳೂ ಅಲ್ಲೇ ಇದ್ದವು. ಮಂದಿಯ ಕೆಲಸಕ್ಕೆ ಮಾಡಿದ್ದು, ‘ಮಂದೀದು’ ಫೋಲ್ಡರಿಗೆ ಹಾಕಿಯೇ ಇಲ್ಲ. ಒಂದೊಂದರ ಕೆಳಗೂ ಹೋದವರ ಹೆಸರು, ಊರು, ಹೊಲದ ಗುರುತು — ಹುಲೆಪ್ಪ, ಅತನೂರ, ಹಳ್ಳದ ದಂಡೆ. ಹೀಗೆ ಮುನ್ನೂರಕ್ಕೂ ಮೇಲೆ. ದೇವಾನಂದ ಅಂತ ಹುಡುಕಿದೆ. ಇರಲಿಲ್ಲ. ಹ್ಯಾಗೆ ಇರುತ್ತದೆ? ಅಣ್ಣನಿಗೆ ಗೇಣು ಭೂಮಿ ಇರಲಿಲ್ಲ. ಅವರ ತಂದೆಗೂ ಇರಲಿಲ್ಲ, ತಾತನಿಗೂ ಇರಲಿಲ್ಲ.

ಆದರೂ ಮನೆಗೆ ಹೋದೆ. ಮಾಳಮ್ಮ ಗೋಡೆಗೆ ಒರಗಿ ಕೂತಿದ್ದರು. ಅವರ ಮಗ ಎಲ್ಲರಿಗೂ ಕೇಳುತ್ತಿದ್ದ ಮಾತನ್ನೇ ನಾನು ಅವರಿಗೆ ಕೇಳಿದೆ. ಕೇಳಿ ನನಗೇ ನಾಚಿಕೆಯಾಯಿತು. ಅವರು ಸಿಟ್ಟಾಗಲಿಲ್ಲ, ಅಳಲಿಲ್ಲ. ಅಂದರು —

“ಯಾರ ಹೊಲದಾಗ ಕಸ ತೆಗಿಯಾಕ ಹೋದ್ನೋ ಅಲ್ಲೆಲ್ಲ ಬದುವಿನ ಗಿಡಕ್ಕ ಸೀರಿ ಕಟ್ಟಿ ಅವನ್ನ ಮಲಗಿಸೇನಿ ತಾಯಿ. ಒಂದೇ ಹೊಲ ಹೇಳು ಅಂದ್ರ ಹ್ಯಾಂಗ ಹೇಳ್ಲಿ?”

ನಾನು ಎದ್ದು ಅಂಗಡಿಗೆ ಬಂದೆ.

ಈಗ ಎಲ್ಲರೂ ನನ್ನ ಹಿಂದೆ ಇರುವ ಬ್ಯಾನರ್ ನೋಡ್ರಿ. ಅಣ್ಣನ ಮುಖದ ಸುತ್ತ ಇರುವುದು ಒಂದು ಚಿತ್ರ ಅಲ್ಲ. ಆ ಮುನ್ನೂರು ತುಂಡುಗಳನ್ನೂ ಒಂದರ ಪಕ್ಕ ಒಂದು ಕೂಡಿಸಿದ್ದೇನೆ. ನಡುವಿನ ಗೆರೆ ಅಳಿಸಬೇಕಾ ಅಂತ ಸಾಹುಕಾರರು ಕೇಳಿದರು. ಬೇಡ್ರಿ, ಅವು ಬದು ಅಂದೆ. ಅಣ್ಣ ಮಲಗಿದ ಜಾಗ.

ನಿಮ್ಮ ತಂದೆಯವರ ಹೊಲ ಅಲ್ಲಿದೆ. ನಿಮ್ಮ ಅಜ್ಜನದು ಅಲ್ಲಿದೆ. ಮೇಲೆ ಎಡಗಡೆ ಮೂಲೆಯಲ್ಲಿ ಕಿಣ್ಣಿ ಸುಲ್ತಾನ ಇದೆ ಕಾಕಾ. ನಾನು ಅಳಿಸಿದ್ದನ್ನು ಅಣ್ಣ ಅಳಿಸಿರಲಿಲ್ಲ, ಜೋಪಾನವಾಗಿ ಇಟ್ಟಿದ್ದರು. ಇವತ್ತು ಮೊದಲ ಸಲ ಅಚ್ಚಾಗಿದೆ.

ದಯಮಾಡಿ ಎಲ್ಲರೂ ಎದ್ದು ನಿಲ್ಲಬೇಕು. ಮಾಳಮ್ಮ, ನೀವು ಕೂತೇ ಇರ್ರಿ. ಎರಡು ನಿಮಿಷದ ಮೌನ. ಬೇರೆ ಸಭೆಯಲ್ಲಿ ಕಣ್ಣು ಮುಚ್ಚಲು ಹೇಳುತ್ತಾರೆ. ನಾನು ಬೇಡ ಅನ್ನುತ್ತೇನೆ. ಕಣ್ಣು ತೆರೆದೇ ನಿಲ್ಲೋಣ. ನಿಮ್ಮ ನಿಮ್ಮ ಹೊಲ ಹುಡುಕಿಕೊಳ್ರಿ. ಸಿಕ್ಕ ಮೇಲೆ — ಅಲ್ಲಿ ಅಣ್ಣನಿಗೆ ಒಂದಿಷ್ಟು ಜಾಗ ಬಿಡ್ರಿ.