ರೆಪೆಕಾ ಅತ್ತೆಯ ಕುಣಿತ

ಸಂಜೆಯ ಪ್ರಾರ್ಥನೆ ಮುಗಿಯುವುದೇ ತಡ, ಮಳೆ ಹಿಡಿದುಕೊಂಡಿತು. ಸವಾಯಿ ದ್ವೀಪದ ಮಳೆ ಒಮ್ಮೆ ಹಿಡಿದರೆ ಬಿಡುವ ಜಾತಿಯದಲ್ಲ. ಎಕೆರೋಮ ಅಜ್ಜನ ಗೋಡೆಯಿಲ್ಲದ ಮನೆಗೆ ನಾವು ಅಕ್ಕಪಕ್ಕದವರೆಲ್ಲ ಮಕ್ಕಳನ್ನೂ ಕಟ್ಟಿಕೊಂಡು ಓಡಿಬಂದು, ಮೂರು ಕಡೆ ತೆಂಗಿನಗರಿಯ ತಟ್ಟಿ ಇಳಿಸಿ, ಅಂಗಳದ ಕಡೆಯನ್ನು ಮಾತ್ರ ತೆರೆದಿಟ್ಟು ಕೂತೆವು. ಅಜ್ಜ ಅಂಗಳಕ್ಕೆ ಬೆನ್ನು ಹಾಕಿ ಕಂಬಕ್ಕೆ ಒರಗಿದ್ದ. ಅಂಗಳದಲ್ಲಿ ಅವನ ಹೆಂಡತಿ ರೆಪೆಕಾಳ ಸಮಾಧಿ, ಹೊಸದಾಗಿ ಸುಣ್ಣ ಬಳಿದದ್ದು, ಮಳೆಯಲ್ಲಿ ಬೆಳ್ಳಗೆ ಕಾಣುತ್ತಿತ್ತು.

ರೇಡಿಯೋದಲ್ಲಿ ಆಗಷ್ಟೇ ರೆಪೆಕಾಳ ಅಣ್ಣನ ಮಗ ಪೆನಿಯ ಹಾಡು ಮುಗಿದಿತ್ತು. ದೇಶದೇಶಗಳಲ್ಲಿ ಆಪೆರಾ ಎಂಬ ಹಾಡುನಾಟಕಗಳಲ್ಲಿ ಪಾತ್ರ ಕಟ್ಟಿ ಹಾಡುವ, ತುಂಬುದನಿಯ ಬ್ಯಾರಿಟೋನ್ ಗಾಯಕ ಅವನು.

"ಸಾಯೋ ದೃಶ್ಯದಲ್ಲಿ ಅವನ ದನಿ ಎಷ್ಟು ನಡುಗುತ್ತೆ ಅಜ್ಜ! ನಿಜವಾಗ್ಲೂ ಅಳ್ತಾನಂತೆ, ಹೌದಾ?" ಎಂದು ನಾನು ಕೇಳಿದೆ.

ಅಜ್ಜ ಕೋಕೋ ಬಟ್ಟಲು ಕೆಳಗಿಟ್ಟು ಹೊಟ್ಟೆ ಕುಲುಕಿಸಿ ನಕ್ಕ.

"ಅಳ್ತಾನಂತೆ! ಪೇಪರಿನೋರೂ ಹಂಗೇ ಬರೀತಾರೆ. ಅದು ಅಳು ಅಲ್ಲ ಕಣ್ರೋ, ನಗು ತಡ್ಕೊಳೋ ಸಂಕಟ! ಯಾರು ನಗಿಸ್ತಾರೆ ಅಂತೀರಾ? ಇವಳೇ... ನನ್ನ ಹೆಂಡ್ತಿ."

ಬೆರಳನ್ನು ಹೆಗಲ ಮೇಲಿಂದ ಹಿಂದಕ್ಕೆ ತೋರಿಸಿದ. ತಿರುಗಿ ಮಾತ್ರ ನೋಡಲಿಲ್ಲ.

"ನಮ್ಮಲ್ಲಿ ಒಬ್ಬರು ಹಾಡೋಕೆ ನಿಂತ್ರೆ ಪಕ್ಕದಲ್ಲಿ ಮನೆಯವರು ಯಾರಾದ್ರೂ ಕೋಡಂಗಿ ಥರ ಕುಣೀಲೇಬೇಕಲ್ವಾ? ಕುಣಿಯೋರು ಎಷ್ಟು ಪೆದ್ದಾಗಿ ಕಂಡ್ರೆ ಹಾಡೋರು ಅಷ್ಟು ಚಂದ ಕಾಣ್ತಾರೆ. ಪೆನಿ ಚರ್ಚಿನಲ್ಲಿ ಮೊದಲ ಸಲ ಬಾಯಿ ಬಿಟ್ಟಾಗಿಂದ ಆ ಕೆಲಸ ಇವಳದೇ. ಆ ದೊಡ್ಡ ಮೈ ಹೊತ್ಕೊಂಡು, ಕಣ್ಣು ತಿರುಗಿಸ್ತಾ, ಸೊಂಟ ಕುಲುಕಿಸ್ತಾ, ಅವನ ಕಾಲಡಿ ಧೊಪ್ಪಂತ ಬಿದ್ದು, 'ನನ್ನ ಮೇಲೇ ಕಾಲಿಟ್ಟು ನಡಿಯೋ ರಾಜಾ' ಅನ್ನೋಳು. ಸೋದರತ್ತೆ ತಾನೇ... ಅವನಂದ್ರೆ ಪ್ರಾಣ. ಅವನು ಇಟಲಿಯಲ್ಲಿ ಮೊದಲ ದೊಡ್ಡ ಪಾತ್ರಕ್ಕೆ ತಯಾರಾಗ್ತಿದ್ದಾಗ ಇವಳು ಹಾಸಿಗೆ ಹಿಡಿದ್ಳು. ಸಾಯೋ ದಿನವೂ ಒಂದೇ ಗೋಳು. 'ಆ ಪರದೇಶದಲ್ಲಿ ಮಗು ಒಂಟಿಯಾಗಿ ನಿಂತು ಹಾಡ್ಬೇಕಲ್ರೀ, ಪಕ್ಕದಲ್ಲಿ ಕುಣಿಯೋರು ಯಾರಿದ್ದಾರೆ?'

"ಬಂತು ಅವನ ಮೊದಲ ಆಟ. ಎದೆಗೆ ಕತ್ತಿ ತಿವಿಸ್ಕೊಂಡು ಸಾಯೋ ದೊರೆ ಪಾತ್ರ. ನೆಲಕ್ಕೆ ಬಿದ್ದು ಕೊನೇ ಹಾಡಿಗೆ ಬಾಯಿ ತೆಗೀತಾನೆ... ಪಕ್ಕದಲ್ಲಿ ಯಾರು? ಹೂವಿನ ಅಂಗಿ, ಕಿವಿಯಲ್ಲಿ ದಾಸವಾಳ... ಅತ್ತೆ! ಅವನ ಜೊತೆ ತಾನೂ ಉರುಳಾಡ್ತಾ, ನಾಲಿಗೆ ಹೊರಗೆ ಹಾಕಿ, ಸಾಯೋ ನಾಟಕ ಆಡ್ತಿದಾಳೆ, ನಿಜವಾಗಿ ಸತ್ತೋಳು! ಬೇರೆ ಯಾರ ಕಣ್ಣಿಗೂ ಬೀಳ್ತಿಲ್ಲ. ಅವನಿಗೆ ನಗು ಉಕ್ಕುತ್ತೆ, ನಗೋ ಹಂಗಿಲ್ಲ. ತುಟಿ ಅದುರಿತು, ಕಣ್ಣಲ್ಲಿ ನೀರು ಬಂತು, ದನಿ ನಡುಗಿತು... ಇಟಲಿಯೋರೆಲ್ಲ ಕರ್ಚೀಫು ತೆಗೆದ್ರು! ಆಮೇಲೆ ವಿಯೆನ್ನಾ, ಲಂಡನ್, ನ್ಯೂಯಾರ್ಕ್... ಅವನು ಹೋದಲ್ಲೆಲ್ಲ ಇವಳು. ಬದುಕಿದ್ದಾಗ ಆಪಿಯಾ ಪೇಟೆಗೆ ಕರ್ಕೊಂಡು ಹೋಗೋಕೂ ನಾನು ಗೊಣಗ್ತಿದ್ದೆ, ಸತ್ತ ಮೇಲೆ ಟಿಕೆಟ್ಟೇ ಇಲ್ದೆ ಲೋಕ ಸುತ್ತಿದ್ಳು ನೋಡಿ!

"ಆಮೇಲೆ ಸಿಡ್ನಿ. ಕ್ಯಾಮೆರಾ ತಂದು ಮುಖಕ್ಕೇ ಹಿಡೀತಾರೆ, ಒಂದು ಸಲ ನಕ್ರೆ ಮಾನ ಹೋಯ್ತು. ಹೆದರಿ ಫೋನ್ ಮಾಡ್ದ. 'ಮಾವಾ, ಇದೊಂದು ಸಲ ಮನೇಲೇ ಇರೋಕೆ ಅತ್ತೆಗೆ ಹೇಳಿ.' ಸಮಾಧಿ ಹತ್ರ ಹೋಗಿ ಹೇಳ್ದೆ. ಇವಳು ಹೋಗ್ಲಿಲ್ಲ. ಅವನು ಒಂದು ಸ್ವರ ತಪ್ಪದೆ ಹಾಡ್ದ... ಜನ ಮರ್ಯಾದೆಗೆ ಚಪ್ಪಾಳೆ ತಟ್ಟಿ, ಕೋಟು ಹಾಕ್ಕೊಂಡು ಮನೆಗೆ ಹೋದ್ರು. ಮುಂದಿನ ಊರಲ್ಲೂ ಅದೇ, ಅದರ ಮುಂದಿನದರಲ್ಲೂ ಅದೇ. 'ಮಾವಾ, ದನಿ ಇದೆ, ಹಾಡು ಸತ್ತೋಗಿದೆ. ಕರೀರಿ ಅವಳನ್ನ' ಅಂತ ಫೋನಲ್ಲಿ ಅತ್ತ. ಆವತ್ತು ನೋಡಿ ನಿಜವಾಗಿ ಅತ್ತಿದ್ದು! 'ಸೋದರತ್ತೇನ ಫೋನಲ್ಲಿ ತಡೆದು ಫೋನಲ್ಲೇ ಕರೀತೀಯೇನೋ ಮುಠ್ಠಾಳ? ಬಂದು ತಪ್ಪೊಪ್ಕೋ' ಅಂದೆ.

"ಬಂದ. ಬೆಳಕು ಹರಿಯೋ ಮೊದಲೇ ಸಮಾಧಿ ಮುಂದೆ ಕೂತು, ತಪ್ಪು ಮಾಡಿದೋರು ಕೂರೋ ಹಂಗೆ, ಮನೆತನದ ನಯವಾದ ಚಾಪೆ ತಲೆ ಮೇಲೆ ಹೊದ್ದು ಬಗ್ಗಿದ. ನೊಂದೋರೇ ಬಂದು ಚಾಪೆ ಎತ್ತಿದ್ರೆ ತಾನೇ ಕ್ಷಮಿಸಿದ ಹಾಗೆ? ಇಲ್ಲಿ ಎತ್ತೋರು ಯಾರು? ಬಿಸಿಲೇರಿತು. ಕೋಳಿಗಳು ಅವನ ಸುತ್ತ ಕೆದಕಿದ್ವು. ಆಗ... ಚಾಪೆಯ ಒಂದು ಅಂಚು ಎದ್ದಿತು. ಗಾಳಿ ಇರ್ಲಿಲ್ಲ ಕಣ್ರೋ, ಒಂದು ಗರಿಯೂ ಅಲ್ಲಾಡ್ತಿರ್ಲಿಲ್ಲ. ಪೂರ್ತಿ ಎದ್ದು, ಮಡಿಸ್ಕೊಂಡು, ಹೋಗಿ ಸಮಾಧಿ ಮೇಲೆ ಕೂತಿತು. ಪೆನಿ ತಲೆ ಎತ್ತಿ ನೋಡ್ದ... ಹೊಟ್ಟೆ ಹಿಡ್ಕೊಂಡು ನಗೋಕೆ ಶುರು ಮಾಡ್ದ! ಹಂಗೇ ನಗ್ತಾ ಎದ್ದು ಹಾಡ್ದ. ಊರಿಗೂರೇ ಬಂತು, ಹಂದಿ ಸುಟ್ವಿ. ಅವನ ಪಕ್ಕದಲ್ಲಿ ಹುಲ್ಲು ತಾನೇ ಧಪ್ ಧಪ್ ಅಂತ ಮಲಗೋದನ್ನ ಎಲ್ಲರೂ ನೋಡಿದ್ರು. ಅವಳು ಮಾತ್ರ ನನಗೆ ಕಾಣ್ಲಿಲ್ಲ. ಇವತ್ತಿಗೂ ನನಗೆ ಅದೊಂದೇ ಹೊಟ್ಟೆಕಿಚ್ಚು."

ಅಜ್ಜ ಕೋಕೋ ಬಟ್ಟಲನ್ನು ಮತ್ತೆ ಎತ್ತಿಕೊಂಡ. ಮಕ್ಕಳ ನಗು ಮಾತ್ರ ನಿಲ್ಲಲಿಲ್ಲ. ಒಬ್ಬರ ಮೇಲೊಬ್ಬರು ಬಿದ್ದು, ಅಂಗಳದ ಕಡೆ ನೋಡಿ ನಗುತ್ತಿದ್ದರು.

"ಕತೆ ಮುಗಿದು ಹೊತ್ತಾಯ್ತಲ್ಲ..." ಅಜ್ಜ ಪಕ್ಕದಲ್ಲಿ ಕೂತಿದ್ದ ಮಗುವಿನ ಕಡೆ ಬಾಗಿ ದನಿ ತಗ್ಗಿಸಿದ. "ನಾನೇನು ಇಷ್ಟು ನಗಿಸೋ ಮನುಷ್ಯ ಅಲ್ಲ. ನನ್ನ ಬೆನ್ನ ಹಿಂದೆ ಯಾರಿದ್ದಾರೆ ಅಂತ ಕೇಳಲ್ಲ, ತಿರುಗಿಯೂ ನೋಡಲ್ಲ. ತಿರುಗಿದ್ರೆ, ಗಂಡ ನೋಡ್ತಾನೆ ಅಂತ ನಾಚಿ ಕುಣಿತ ನಿಲ್ಲಿಸಿಬಿಡ್ತಾಳೆ... ಮಗೂ, ಒಂದೇ ಒಂದು ಹೇಳು. ಕಿವಿಯಲ್ಲಿ ದಾಸವಾಳ ಇದೆಯಾ?"