ಡ್ರಮ್ಮಿನ ತೂತಿಗೆ ಹರಳೆಣ್ಣೆ

ಅಲ್ಲ ಕಣೋ, ಒಳಗೆ ಕರ್ದು ಕಾಫಿ ಕೊಟ್ಟು ಸಾರಿ ಅಂದೆ ಅಂತೀಯಲ್ಲ, ಬೆಳಗ್ಗೆ ಬೈದಿದ್ದೆಲ್ಲಿ? ಗೇಟಲ್ಲಿ. ಪಕ್ಕದ್ಮನೆಯವ್ರು, ಹಾಲಿನವ್ನು, ಎಲ್ರೂ ನಿಂತು ನೋಡ್ತಿದ್ರು. ನಿನ್ ಗಾಡಿ ಗೀಚಿದ್ದು ವಾಚ್‌ಮ್ಯಾನ್ ಮಾದೇವಣ್ಣ ಅಂತ ಏನು ಕೂಗಾಟ! ಈಗ ಗೀಚಿದ್ದು ನಿನ್ ಫ್ರೆಂಡೇ ಅಂತ ಗೊತ್ತಾಯ್ತು. ನಂಗೆ ಮೈ ಉರೀತಿದೆ. ಕೂತ್ಕೋ ಇಲ್ಲಿ. ಫೋನ್ ಕೆಳಗಿಡು. ಇಡು ಅಂದೆ.

ಈ ನಿಮ್ ತಾತನ ಮೊದಲ್ನೇ ಕೆಲ್ಸ ಹೋಗಿದ್ದು ಹೀಗೇನೇ. ಯಡಿಯೂರಲ್ಲಿ ನಮ್ಮಪ್ಪನ ಹೊಲ ಲೇಔಟ್‌ಗೆ ಹೋಯ್ತು, ಇನ್ನು ನೇಗಿಲು ಹಿಡ್ದು ಏನ್ ಮಾಡೋದು ಅಂತ ನಾನು ಡ್ರೈವಿಂಗ್ ಕಲ್ತು ಲೈಸೆನ್ಸ್ ಮಾಡಿಸ್ದೆ. ಅರವತ್ಮೂರೋ, ಅಲ್ಲ, ಅರವತ್ನಾಲ್ಕೋ, ಜಯನಗರದಲ್ಲಿ ಆಗ ಮನೆ ಅಲ್ಲೊಂದು ಇಲ್ಲೊಂದು, ಮಿಕ್ಕಿದ್ದೆಲ್ಲ ಸೈಟಿನ ಕಲ್ಲು. ಅಲ್ಲೊಬ್ರು ರಿಟೈರ್ಡ್ ಹೆಡ್‌ಮಾಸ್ಟ್ರು, ಅವರ ಮನೇಲಿ ಡ್ರೈವರ್ ಆದೆ. ಕಾರು ಅಂದ್ರೆ ಹಳೇ ಇಂಗ್ಲಿಷ್ ಕಾರು, ಬ್ಯಾಟ್ರಿ ಯಾವಾಗ್ಲೂ ವೀಕು, ಸ್ಟಾರ್ಟ್ ಮಾಡೋಕೆ ಮುಂದೆ ಹ್ಯಾಂಡಲ್ ಹಾಕಿ ತಿರುಗಿಸಿ ತಿರುಗಿಸಿ ರಟ್ಟೆ ಬಿದ್ಹೋಗೋದು. ಅದರ ಹಿಂದಿನ ಬ್ರೇಕು ಕಿರುಚ್ತಿತ್ತು, ಕೀಈಈ ಅಂತ. ‘ಮೇಷ್ಟ್ರೇ, ಡ್ರಮ್ ಬಿಚ್ಚಿ ಒಳಗೆ ಲೈನಿಂಗ್ ನೋಡ್ಬೇಕು’ ಅಂದೆ. ಡ್ರಮ್ ಅಂದ್ರೆ ಚಕ್ರದ ಜೊತೆ ತಿರುಗೋ ಬೋಗುಣಿ ಥರದ್ದು, ಲೈನಿಂಗ್ ಅಂದ್ರೆ ಅದನ್ನ ಒಳಗಿಂದ ಒತ್ತಿ ಹಿಡಿಯೋ ಪಟ್ಟಿ. ‘ನೋಡೋಣಯ್ಯಾ’ ಅಂದ್ರು. ಎರಡು ಸಲ ಹೇಳ್ದೆ, ಮೂರನೇ ಸಲಾನೂ ಹೇಳ್ದೆ. ನೋಡೋಣಯ್ಯಾ.

ಆಯುಧ ಪೂಜೆ ಬಂತು. ಹಿಂದಿನ ದಿನ ನಂಗೆ ರಜ. ಅವರ ಮನೇಲಿ ಒಂದು ಪದ್ಧತಿ, ಪೂಜೆಗೆ ಮುಂಚೆ ಮನೇಲಿರೋ ಕಬ್ಬಿಣಕ್ಕೆಲ್ಲ ಹರಳೆಣ್ಣೆ ಬಿಡೋದು. ಬಾವಿ ರಾಟೆ, ಗೇಟಿನ ಕೀಲು, ಹೊಲಿಗೆ ಮಿಷನ್, ಒಂದನ್ನೂ ಬಿಡ್ತಿರ್ಲಿಲ್ಲ. ಪೂಜೆ ದಿನ ನಾನು ಹೋದೆ, ಕಾರಿಗೆ ಅರಿಶಿನ ಕುಂಕುಮ ಹಚ್ಚಿ, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು ಹತ್ತಿಸಿದ್ದಾಯ್ತು. ಮೇಷ್ಟ್ರ ತಾಯಿ, ಎಂಬತ್ತು ದಾಟಿದ ಅಜ್ಜಿ, ‘ಮುನಿಯಾ, ಯಡಿಯೂರು ಕೆರೆ ತೋರಿಸ್ಕೊಂಡು ಬಾಪ್ಪ’ ಅಂದ್ರು. ಹೊರಟ್ವಿ. ಬ್ರೇಕ್ ಒತ್ತಿದೆ, ಸದ್ದೇ ಇಲ್ಲ! ಮೇಷ್ಟ್ರು ಮೀಸೇಲೇ ನಕ್ಕು, ‘ನೋಡ್ದಾ, ಕಿರುಚೋದು ನಿಂತೋಯ್ತು’ ಅಂದ್ರು. ನಾನೂ ಪೆದ್ದ, ಪೂಜೆ ಫಲ ಅಂದ್ಕೊಂಡೆ.

ಕೆರೆ ಹತ್ರ ಎತ್ತು ತೊಳೆಯೋಕೆ ಒಂದು ಇಳಿಜಾರಿತ್ತು. ವಾಪಸ್ ಬರೋಕೆ ಸಲೀಸಾಗ್ಲಿ ಅಂತ ರಿವರ್ಸಲ್ಲಿ ಇಳಿಸ್ದೆ, ಹಿಂಬದಿ ನೀರಿನ ಕಡೆ. ಮೇಷ್ಟ್ರು ಮೊದಲೇ ಇಳಿದು ಮೇಲೆ ಯಾರ್ಹತ್ರನೋ ಮಾತಿಗೆ ನಿಂತಿದ್ರು. ಇಂಜಿನ್ ಆಫ್ ಮಾಡಿದ್ರೆ ಮತ್ತೆ ಆ ಹಾಳು ಹ್ಯಾಂಡಲ್ ತಿರುಗಿಸ್ಬೇಕಲ್ಲ, ಅದಕ್ಕೆ ನ್ಯೂಟ್ರಲಲ್ಲಿ ಬಿಟ್ಟೆ. ಚಕ್ರಕ್ಕೊಂದು ಕಲ್ಲು ಕೊಡ್ಬೇಕಿತ್ತು, ಅದು ನನ್ ತಪ್ಪು, ಒಪ್ಕೋತೀನಿ. ಆದ್ರೆ ಹ್ಯಾಂಡ್ ಬ್ರೇಕ್ ಎಳೆದಿದ್ದೆ ಕಣೋ, ಕಟಕಟ ಅಂತ ಕೊನೇವರೆಗೂ ಎಳೆದಿದ್ದೆ! ಅಜ್ಜಿ ಕಡೆ ಬಾಗಿಲು ತೆಗೆಯೋಣ ಅಂತ ನಾನು ಇಳಿದ್ರೆ, ಕಾರು ಹಿಂದಕ್ಕೆ ಜಾರ್ತಿದೆ. ಅಜ್ಜಿ ‘ಅಯ್ಯೋ ಮುನಿಯಾ, ಮುನಿಯಾ’ ಅಂತಿದಾರೆ. ಹಾರಿ ಒಳಗೆ ನುಗ್ಗಿ ಪೆಡಲ್ ತುಳಿದೆ. ಮುಂದಿನ ಚಕ್ರ ಹಿಡೀತು, ನಿಂತ್ಕೊಂತು. ನೀರಿಗೆ ಒಂದು ಮಾರು ಉಳಿದಿತ್ತು, ಅಷ್ಟೇ.

ಮೇಷ್ಟ್ರು ಅಲ್ಲಿ ಅಜ್ಜೀನ ಸಮಾಧಾನ ಮಾಡಿ ಕಾರು ಹತ್ತಿದ್ರು. ಮನೆ ಮುಂದೆ ಬಂದ್ಮೇಲೆ ಶುರು. ಹಬ್ಬದ ದಿನ, ಬೀದಿಯೆಲ್ಲ ಹೊರಗಿದೆ. ‘ಲೋ, ಹ್ಯಾಂಡ್ ಬ್ರೇಕ್ ಹಾಕ್ದೆ ಇಳೀತೀಯಾ? ನಮ್ಮಮ್ಮನ್ನ ಸಾಯಿಸ್ಬೇಕು ಅಂತಿದ್ಯಾ?’ ‘ಹಾಕಿದ್ದೆ ಮೇಷ್ಟ್ರೇ.’ ‘ಸುಳ್ಳು ಬೇರೆ ಹೇಳ್ತೀಯಾ?’ ನಮ್ಮೂರಿನವ್ರು ಇಬ್ರು ಅಲ್ಲೇ ಹೋಗ್ತಿದ್ರು, ಅವ್ರೂ ಕೇಳಿಸ್ಕೊಂಡ್ರು. ನನ್ ಕಣ್ಣಲ್ಲಿ ನೀರು. ದುಃಖಕ್ಕಲ್ಲ, ಸಿಟ್ಟಿಗೆ.

ಮಾರನೇ ದಿನ ಬೆಳಗ್ಗೆನೇ ಹೋದೆ. ಶೆಡ್ಡಲ್ಲಿ ಮುಂದಿನ ಚಕ್ರಕ್ಕೆ ಕಲ್ಲು ಕೊಟ್ಟು ಹಿಂಭಾಗಕ್ಕೆ ಜಾಕ್ ಹಾಕ್ದೆ. ‘ಹ್ಯಾಂಡ್ ಬ್ರೇಕ್ ಕೇಬಲ್ ಲೂಸಾಗಿರುತ್ತೆ, ಅದನ್ನೇ ಬಿಗಿ ಮಾಡಯ್ಯಾ’ ಅಂದ್ರು ಮೇಷ್ಟ್ರು. ನಾನು ಕೇಬಲ್ ಮುಟ್ಲಿಲ್ಲ. ಚಕ್ರ ತೆಗೆದು ಡ್ರಮ್ ಎಳೆದೆ, ನೋಡು, ಒಳಗಿನ ಲೈನಿಂಗೆಲ್ಲ ಜಿಡ್ಡು ಜಿಡ್ಡು. ಮೂಸಿದೆ. ಗ್ರೀಸಲ್ಲ, ಗೇರ್ ಆಯಿಲ್ಲೂ ಅಲ್ಲ. ಅಷ್ಟರಲ್ಲಿ ಅಜ್ಜಿ ಬಂದು ಬೆರಳಲ್ಲಿ ಮುಟ್ಟಿ, ‘ಇದು ನಮ್ಮನೆ ಹರಳೆಣ್ಣೆ ಕಣೋ!’ ಅಂದ್ರು. ಡ್ರಮ್ಮಲ್ಲಿ ಒಂದು ತೂತಿರುತ್ತೆ, ಸ್ಕ್ರೂಡ್ರೈವರ್ ತೂರಿಸಿ ಬ್ರೇಕ್ ಅಡ್ಜಸ್ಟ್ ಮಾಡೋಕೆ. ಮೇಷ್ಟ್ರು ಅದನ್ನ ಹೊಲಿಗೆ ಮಿಷನ್ನಿನ ಎಣ್ಣೆ ತೂತು ಅಂದ್ಕೊಂಡು, ಕಿರುಚ್ತಿದೆಯಲ್ಲ ಅಂತ ಎರಡೂ ಕಡೆ ಎಣ್ಣೆ ಬಿಟ್ಟಿದ್ದಾರೆ! ಕಾಲಿನ ಬ್ರೇಕು ನಾಲ್ಕು ಚಕ್ರಕ್ಕೂ, ಕೈ ಬ್ರೇಕು ಹಿಂದಿನ ಎರಡಕ್ಕೇ. ಎಣ್ಣೆ ಕುಡಿದಿದ್ದು ಆ ಎರಡೇ. ಹಿಡಿಯೋದು ಹೆಂಗೆ?

ಹೊಸ ಲೈನಿಂಗ್ ಹೊಡೆಸ್ಕೊಂಡು ಬಂದೆ, ಡ್ರಮ್ಮನ್ನ ಪೆಟ್ರೋಲಲ್ಲಿ ತೊಳೆದೆ. ಹ್ಯಾಂಡ್ ಬ್ರೇಕ್ ಬಿಟ್ಟು, ಅದೇ ತೂತಲ್ಲಿ ಸ್ಕ್ರೂಡ್ರೈವರ್ ಹಾಕಿ, ಚಕ್ರ ಹಿಡ್ಕೊಳ್ಳೋವರೆಗೂ ಒಳಗಿನ ಹಲ್ಲುಗಾಲಿ ತಿರುಗಿಸಿ, ಆಮೇಲೆ ಸಲೀಸಾಗಿ ತಿರುಗೋ ಅಷ್ಟು ಹಿಂದಕ್ಕೆ ಬಿಟ್ಟೆ. ಎರಡೂ ಕಡೆ ಒಂದೇ ಸಮ. ಕೇಬಲ್ ಬಿಗಿ ಮಾಡೋದು ಆಮೇಲೆ, ಕೊನೇಲಿ. ಮೊದಲೇ ಕೇಬಲ್ ಎಳೆದ್ರೆ ರೋಗ ಒಳಗೇ ಉಳಿಯುತ್ತೆ. ಹ್ಯಾಂಡ್ ಬ್ರೇಕ್ ಎಳೆದು ನೋಡ್ದೆ, ಐದನೇ ಕಟ್ ಸದ್ದಿಗೇ ಎರಡೂ ಚಕ್ರ ಕಲ್ಲು ನಿಂತಂಗೆ ನಿಂತ್ವು. ಮೇಷ್ಟ್ರು ಶೆಡ್ಡಿನ ಬಾಗಿಲು ಮುಂದಕ್ಕೆ ಹಾಕಿ ಮೆಲ್ಲಗೆ, ‘ತಪ್ಪು ನಂದೇ ಮುನಿಯಾ. ಹೊರಗೆ ಹೇಳ್ಬೇಡಪ್ಪ’ ಅಂದ್ರು. ‘ಬೈದಿದ್ದು ಬೀದೀಲಲ್ವಾ ಮೇಷ್ಟ್ರೇ? ಇದನ್ನೂ ಬೀದೀಲೇ ಹೇಳಿ’ ಅಂದೆ. ‘ಎಷ್ಟೋ ಜನಕ್ಕೆ ಪಾಠ ಹೇಳಿದವನು ಕಣೋ ನಾನು, ಹೆಂಗ್ ಹೇಳ್ಲಿ?’ ಅಂದ್ರು. ಕೀ ಅವರ ಕೈಗಿಟ್ಟು ಬಂದ್ಬಿಟ್ಟೆ.

ಆಮೇಲೆ ಜಯನಗರದಲ್ಲಿ ಯಾರ ಮನೆ ಬಾಗಿಲಿಗೆ ಹೋದ್ರೂ ಒಂದೇ ಮಾತು, ‘ಅಜ್ಜೀನ ಕೆರೆಗೆ ಬೀಳ್ಸೋಕೆ ಹೋದವನು ನೀನೇ ಅಲ್ವಾ?’ ಎಷ್ಟು ತಿಂಗಳು ಮನೇಲಿ ಕೂತೆ ಗೊತ್ತಾ! ಶೆಡ್ಡಲ್ಲಿ ಹೇಳಿದ್ದು ಶೆಡ್ಡಲ್ಲೇ ಉಳೀತು, ಬೀದೀಲಿ ಹೇಳಿದ್ದು ಊರೆಲ್ಲ ಓಡಾಡ್ತು. ನೀನು ಕೊಟ್ಟ ಕಾಫಿ ಮಾದೇವಣ್ಣ ಕುಡಿದಿಲ್ಲ, ನೋಡಿದ್ಯಾ? ಲೋಟ ಇನ್ನೂ ಕಟ್ಟೆ ಮೇಲೇ ಇದೆ. ಸಂಜೆ ಹಾಲಿನವ್ನು ಬರ್ತಾನೆ, ಪಕ್ಕದ್ಮನೆಯವ್ರೂ ವಾಕಿಂಗ್ ಹೊರಡ್ತಾರೆ. ಆಗ ಗೇಟಿಗೆ ಹೋಗು. ಬೆಳಗ್ಗೆ ಎಷ್ಟು ಜೋರಾಗಿ ಕೂಗಿದ್ಯೋ ಅಷ್ಟೇ ಜೋರಾಗಿ ಹೇಳು. ನಾನು ಇಲ್ಲೇ ಕೂತು ಕೇಳಿಸ್ಕೋತೀನಿ.