ವಾನ್ನೆಸನ ಬೂಟಿಗೊಂದು ಕೊಕ್ಕೆ

ಈ ಸಮಾರಂಭದ ಅಧ್ಯಕ್ಷತೆ ವಹಿಸಿರುವ ನಮ್ಮ ಪುರಾಧ್ಯಕ್ಷೆ ಶ್ರೀಮತಿ ಹಿಲ್ಡೆಗೊಂಡ ಪೊಟ್ಸ್ ಅವರೇ, ಆಶೀರ್ವದಿಸಲೆಂದು ಬಂದು ಆಗಲೇ ಎರಡನೆಯ ಬಿಯರಿಗೆ ಕೈ ಹಾಕಿರುವ ಪೂಜ್ಯ ಪಾದ್ರಿಗಳೇ, ಹೂಲ್‌ಬೆಕೆ ಫುಟ್‌ಬಾಲ್ ಸಂಘದ ಪದಾಧಿಕಾರಿಗಳೇ, ಮುಂದಿನ ಸಾಲಿನಲ್ಲಿ ಮಗನ ಕೈ ಹಿಡಿದು ಕೂತಿರುವ ಗೋಡಲೀವ್ ಅಮ್ಮನವರೇ, ಇಂದಿನ ಸನ್ಮಾನಿತರಾದ ಶ್ರೀ ವಾನ್ನೆಸ್ ಕೆಟೆಲ್ಸ್ ಅವರೇ, ಮತ್ತು ಕರಿದ ಆಲೂಗಡ್ಡೆಯ ವಾಸನೆಗೆ ಮನಸ್ಸು ಕೊಟ್ಟು ನನಗೆ ಮುಖವನ್ನಷ್ಟೇ ಕೊಟ್ಟಿರುವ ಆತ್ಮೀಯ ಸಭಿಕರೇ,

ನಾನು ರೂಡಿ ಬ್ರೌಲಾಂಟ್. ಪರಿಚಯದ ಅಗತ್ಯವಿಲ್ಲ. ನಿಮ್ಮಲ್ಲಿ ಅರ್ಧ ಜನರ ಬಚ್ಚಲುಮನೆಗೆ ಟೈಲ್ಸ್ ಹಾಸಿದವನು ನಾನು. ಉಳಿದರ್ಧ ಜನರ ಟೈಲ್ಸ್ ಎದ್ದು ಬರುತ್ತಿರುವುದು ನಾನು ಹಾಸದೇ ಇದ್ದ ಕಾರಣಕ್ಕೆ. ಈ ಸಂಘದ ಕಾರ್ಯದರ್ಶಿ. ನಮ್ಮ ಹಿರಿಯರ ತಂಡದ ಲೆಫ್ಟ್ ಬ್ಯಾಕ್, ಅಂದರೆ ಎಡಗಡೆಯ ಕಾವಲುಗಾರ. ಇವತ್ತು ಮೂರು ಗಂಟೆಗೆ ಪಕ್ಕದೂರು ಮಾಲ್ಡರೆಮಿನ ಹಿರಿಯರ ಮೇಲೆ ನಮ್ಮ ಪಂದ್ಯವಿದೆ. ಮಾಲ್ಡರೆಮಿನವರ ಬಗ್ಗೆ ಈ ವೇದಿಕೆಯಿಂದ ಏನೂ ಹೇಳಕೂಡದೆಂದು ಪಾದ್ರಿಗಳು ತಾಕೀತು ಮಾಡಿದ್ದಾರೆ. ಹೇಳುವುದಿಲ್ಲ. ಅವರ ಬಗ್ಗೆ ಹೇಳಲು ಏನಿದೆ?

ಸಭಿಕರೇ, ನಾವಿಲ್ಲಿ ಸೇರಿರುವುದು ಯಾಕೆ? ವಾನ್ನೆಸ್ ಕೆಟೆಲ್ಸ್ ಅವರ ಬೂಟುಗಳನ್ನು ತೂಗುಹಾಕುವುದಕ್ಕೆ. ಆಟ ಬಿಟ್ಟವನನ್ನು ನಮ್ಮ ಮಾತಿನಲ್ಲಿ 'ಬೂಟು ಕೊಕ್ಕೆಗೆ ಹಾಕಿದ' ಅನ್ನುತ್ತೇವೆ. ಬೇರೆ ಊರುಗಳಲ್ಲಿ ಅದು ಬರೀ ಮಾತು. ಹೂಲ್‌ಬೆಕೆಯಲ್ಲಿ ನಾವು ನಿಜವಾಗಿಯೂ ಹಾಕುತ್ತೇವೆ. ನೋಡಿ, ಬಿಯರ್ ಕಟ್ಟೆಯ ಮೇಲ್ಗಡೆ ಗೋಡೆಯಲ್ಲಿ ಸಾಲಾಗಿ ತೂಗುತ್ತಿವೆ. ಕೊನೆಯಲ್ಲಿ ಹೊಳೆಯುತ್ತಿರುವ ಹಿತ್ತಾಳೆಯ ಕೊಕ್ಕೆಯನ್ನು ನಾನೇ ನಿನ್ನೆ ಕೈಯಾರೆ ಬಡಿದೆ. ಬೂಟು ತೂಗುಹಾಕಿದವನು ಆಜೀವ ಗೌರವ ಸದಸ್ಯ. ಮೊದಲ ಸಾಲಿನಲ್ಲಿ ಕುರ್ಚಿ, ಚಳಿಗಾಲದಲ್ಲಿ ಬಟಾಣಿ ಸೂಪು, ಸತ್ತಾಗ ಪೆಟ್ಟಿಗೆಯ ಮೇಲೆ ಸಂಘದ ಬಾವುಟ. ಒಂದೇ ಒಂದು ಕಟ್ಟುಪಾಡು: ಗೌರವ ಸದಸ್ಯ ಮತ್ತೆ ಮೈದಾನಕ್ಕೆ ಇಳಿಯಕೂಡದು.

ಆಹ್ವಾನದಲ್ಲಿ ನಾನು ಬರೆದದ್ದು ಇಷ್ಟೇ: 'ಶನಿವಾರ ಮಧ್ಯಾಹ್ನ ಬೂಟುಗಳೊಂದಿಗೆ ಬರತಕ್ಕದ್ದು.' ಈ ಊರಿನ ಮೂರು ವರ್ಷದ ಮಗುವಿಗೂ ಇದರ ಅರ್ಥ ಗೊತ್ತು. ಆದರೆ ಇಪ್ಪತ್ತು ವರ್ಷಕ್ಕೂ ಮೇಲೆ ಪರದೇಶಗಳಲ್ಲಿ ಆಡಿ ಬಂದವನಿಗೆ ಊರಿನ ಮಾತು ಎಷ್ಟು ನೆನಪಿದ್ದೀತು? ಬೂಟುಗಳೊಂದಿಗೇ ಬಂದಿದ್ದಾರೆ. ಬೂಟುಗಳು ಕಾಲಿನಲ್ಲಿವೆ. ಎಣ್ಣೆ ಹಚ್ಚಿ ಲೇಸು ಬಿಗಿದಿದ್ದಾರೆ. ಕೋಟಿನ ಗುಂಡಿಗಳ ನಡುವೆ ನಮ್ಮ ಸಂಘದ ಹಸಿರು ಅಂಗಿ ಇಣುಕುತ್ತಿದೆ. ಮಾನ್ಯರು ಇವತ್ತಿನ ಪಂದ್ಯದಲ್ಲಿ ಆಡಲು ಬಂದಿದ್ದಾರೆ! ಕಾಲಿನಲ್ಲಿರುವ ಬೂಟನ್ನು ಕೊಕ್ಕೆಗೆ ಹಾಕುವುದು ಹೇಗೆ, ಸಭಿಕರೇ? ಮನುಷ್ಯನನ್ನೂ ಸೇರಿಸಿ ತೂಗುಹಾಕುವಷ್ಟು ಗಟ್ಟಿ ಕೊಕ್ಕೆ ನಾನು ಬಡಿದಿಲ್ಲ.

ನಗಬೇಡಿ. ಸನ್ಮಾನಿತರು ತಪ್ಪು ತಿಳಿಯದಿರಲಿ. ಅವರಿಗೆ ಲೇಸು ಬಿಚ್ಚಲು ಕಾಲಾವಕಾಶ ಸಿಗಲೆಂದು ನಾನು ಅವರ ಸಾಧನೆಯ ಬಗ್ಗೆ ನಾಲ್ಕು ಮಾತು ಆಡುತ್ತೇನೆ.

ಇವರ ಸಾಧನೆಯನ್ನು ನನ್ನಷ್ಟು ಹತ್ತಿರದಿಂದ ಕಂಡವರು ಈ ಸಭೆಯಲ್ಲಿ ಇನ್ನೊಬ್ಬರಿಲ್ಲ. ಮೊದಲ ದಿನದಿಂದಲೇ ಕಂಡೆ, ಬೆಂಚಿನ ಮೇಲೆ ಕೂತು ಕಂಡೆ. ಆಗ ನನಗೆ ಇಪ್ಪತ್ತೊಂಬತ್ತು, ಊರಿನ ಮೊದಲ ತಂಡದ ಲೆಫ್ಟ್ ಬ್ಯಾಕ್ ನಾನು. ಭಾನುವಾರ ಬೆಳಿಗ್ಗೆ ನಮ್ಮ ಕೋಚ್ ಆಕಿಲ್, ದೇವರು ಅವರ ಆತ್ಮಕ್ಕೆ ಶಾಂತಿ ಕೊಡಲಿ, ಹೆಗಲ ಮೇಲೆ ಕೈಯಿಟ್ಟು ಹೇಳಿದರು: "ರೂಡಿ, ಇವತ್ತೊಂದಿನ ಕೂತ್ಕೊಳಪ್ಪ. ಕೆಟೆಲ್ಸ್ ಮನೆ ಹುಡುಗ ಹೇಗೆ ಆಡ್ತಾನೋ ನೋಡೋಣ." ನೋಡಿದೆವು. ಎರಡು ಇಡೀ ಸೀಸನ್ ನೋಡಿದೆವು. ಆ 'ಇವತ್ತೊಂದಿನ' ಎಷ್ಟು ಉದ್ದವಾಗಿತ್ತೆಂದರೆ ಬೆಂಚಿನ ಹಲಗೆಗೆ ನನ್ನ ಆಕಾರ ಬಂದುಬಿಟ್ಟಿತ್ತು.

ಹೊಟ್ಟೆಕಿಚ್ಚೇ? ಛೆ! ಎರಡನೆಯ ವರ್ಷದ ಕೊನೆಗೆ ಪಟ್ಟಣದ ಕ್ಲಬ್ಬಿನವರು ಇವರನ್ನು ಕೊಂಡೊಯ್ದಾಗ ಇಡೀ ಊರಿಗೆ ಬಿಯರ್ ಕುಡಿಸಿದವನು ಯಾರು? ನಾನು. ಪಟ್ಟಣದಿಂದ ಸೈಪ್ರಸ್‌ಗೆ ಹೋದರೆಂದು ತಿಳಿದಾಗ ಗೋಡೆಗೊಂದು ಭೂಪಟ ತಂದು ಅಂಟಿಸಿದವನು ಯಾರು? ನಾನು. ಇಲ್ಲಿಂದ ಸೈಪ್ರಸ್ ಎಷ್ಟು ದೂರವೆಂದು ಅಳೆದು ನೋಡಿ ನನಗಾದ ಸಂತೋಷವನ್ನು ಹೇಗೆ ಹೇಳಲಿ? ಸೈಪ್ರಸ್ ಆಯಿತು, ಹಂಗೇರಿಯಾಯಿತು. ಹಂಗೇರಿಯ ಕ್ಲಬ್ಬು ನಡುವರ್ಷದಲ್ಲಿ ಬಾಗಿಲು ಹಾಕಿದಾಗ ನಾನು ಊಟ ಬಿಟ್ಟೆ. ಅಷ್ಟರಲ್ಲಿ ತುರ್ಕಿಯವರು ಕರೆದರು, ನಾನು ಎರಡು ತಟ್ಟೆ ಉಂಡೆ. ಆಮೇಲೆ ಕಜಕಸ್ತಾನ, ಇರಾನ್, ಇಂಡೋನೇಷ್ಯ, ಕೊರಿಯ. ದೇಶ ಸುತ್ತು, ಇಲ್ಲವೇ ಕೋಶ ಓದು ಎಂದು ದೊಡ್ಡವರು ಹೇಳುತ್ತಾರೆ. ವಾನ್ನೆಸ್ ದೇಶ ಸುತ್ತಿದರು. ನಾನು ಎರಡೂ ಮಾಡಲಿಲ್ಲ, ನನ್ನ ಜಾಗಕ್ಕೆ ವಾಪಸ್ ಬಂದು ಲೆಫ್ಟ್ ಬ್ಯಾಕ್ ಆಡಿದೆ.

ಪ್ರತಿ ಬೇಸಿಗೆಯಲ್ಲಿ ಇವರ ಒಪ್ಪಂದ ಮುಗಿಯುವ ಹೊತ್ತಿಗೆ ನಾನು ಇಗರ್ಜಿಗೆ ಹೋಗಿ ಮಾತೆಯ ಮುಂದೆ ಮೇಣದಬತ್ತಿ ಹಚ್ಚುತ್ತಿದ್ದೆ. ತಾಯೀ, ಈ ಹುಡುಗನಿಗೆ ಇನ್ನೊಂದು ಕ್ಲಬ್ಬು ಕೊಡು, ಸಾಧ್ಯವಾದರೆ ಇನ್ನೂ ದೂರದ್ದು ಕೊಡು. ಪಾದ್ರಿಗಳು ಸಾಕ್ಷಿ. ನನ್ನ ಹೆಂಡತಿ ಲುಟ್ಗಾರ್ಡ್, ಅಲ್ಲಿ ಆಲೂಗಡ್ಡೆ ಕರಿಯುತ್ತಿದ್ದಾಳೆ, ಒಮ್ಮೆ ಕೇಳಿದಳು: "ಅಲ್ಲಾ ರೀ, ಸ್ವಂತ ಮಗಳು ಪರೀಕ್ಷೆ ಬರೆದಾಗ ಒಂದು ಬೆಂಕಿಕಡ್ಡಿ ಗೀರಲಿಲ್ಲ ನೀವು. ಊರವರ ಮಗನಿಗೆ ಇಷ್ಟು ದೊಡ್ಡ ಬತ್ತಿನಾ?" ನಾನು ಹೇಳಿದೆ: "ಊರಿನ ಕೀರ್ತಿ ಕಣೇ ಅದು."

ಯಾರದು ಹೊರಗೆ ಹೋಗುತ್ತಿರುವುದು? ಎಡ್ಡಿ? ಕ್ಯಾಪ್ಟನ್ ಆದವನೇ ಸಭೆ ಬಿಟ್ಟು ಹೋದರೆ ಹೇಗೆ? ಬಟ್ಟೆ ಬದಲಿಸುವುದಿದೆಯೇ? ಹೋಗಿ, ಹೋಗಿ. ಬೇಕಾದವರೆಲ್ಲ ಹೋಗಬಹುದು. ನನಗೇನೂ ಅವಸರವಿಲ್ಲ, ನಾನು ಬದಲಿಸಿಕೊಂಡೇ ಬಂದಿದ್ದೇನೆ. ಆಗಿನಿಂದ ವೇದಿಕೆಯ ಮೇಲೆ ಕಟಕಟ ಸದ್ದಾಗುತ್ತಿರುವುದು ಮೈಕಿನ ದೋಷವಲ್ಲ, ಈ ಪ್ಯಾಂಟಿನ ಕೆಳಗೆ ನನ್ನ ಬೂಟುಗಳಿವೆ. ಬೂಟು ಹಾಕಿದ ಸನ್ಮಾನಿತ, ಬೂಟು ಹಾಕಿದ ಭಾಷಣಕಾರ! ಆದರೆ ಲೆಫ್ಟ್ ಬ್ಯಾಕಿನ ಜಾಗ ಒಂದೇ. ಇಬ್ಬರು ಲೆಫ್ಟ್ ಬ್ಯಾಕ್ ಇರುವ ತಂಡವೆಂದರೆ ಎರಡೂ ಎಡಗಾಲೇ ಇರುವ ಮನುಷ್ಯ. ಅವನಿಗೆ ಚಪ್ಪಲಿ ಕೊಳ್ಳುವುದೂ ಕಷ್ಟ.

ಲೇಸು ಬಿಚ್ಚಿದಿರಾ, ವಾನ್ನೆಸ್? ಇಲ್ಲವೇ? ಸರಿ, ಮುಂದುವರಿಸುತ್ತೇನೆ.

ಕೊರಿಯದ ವಿಷಯ. ಅಲ್ಲಿ ಇವರು ತಂಡಕ್ಕೆಲ್ಲ ದೊಡ್ಡವರು, ಹುಡುಗರೆಲ್ಲ 'ಅಣ್ಣಾ' ಎಂದು ಕರೆದು ಮೊದಲ ತುತ್ತು ಇವರ ತಟ್ಟೆಗೇ ಬಡಿಸುತ್ತಿದ್ದರಂತೆ. ಇಂಡೋನೇಷ್ಯದಲ್ಲಿ ಇವರ ಹೆಸರಿನ ಮೇಲೆ ಹಾಡು ಕಟ್ಟಿದ್ದರಂತೆ, ಹೆಸರು ಮಾತ್ರ ತಪ್ಪಂತೆ. ಇಷ್ಟೆಲ್ಲ ಪ್ರೀತಿ ಸಿಕ್ಕಿದ ಮನುಷ್ಯ ಅಲ್ಲೇ ಯಾಕೆ ಉಳಿಯಲಿಲ್ಲ? ಇದು ಆಲೋಚಿಸಬೇಕಾದ ಪ್ರಶ್ನೆ. ನಾನು ಬಹಳ ಆಲೋಚಿಸಿದ್ದೇನೆ.

ಗುರುವಾರ ಇವರು ನನ್ನ ಅಂಗಡಿಗೆ ಬಂದಿದ್ದರು. ಬಚ್ಚಲಿಗೆ ಟೈಲ್ಸ್ ನೋಡಲು ಬಂದವರಂತೆ ಅದನ್ನೆತ್ತಿ ಇದನ್ನಿಟ್ಟು ಕೊನೆಗೆ ಬಾಯಿ ಬಿಟ್ಟರು.

"ರೂಡಿ ಅಣ್ಣ, ಬೆಳಿಗ್ಗೆ ಬೇಕರಿಗೆ ಹೋಗಿದ್ದೆ. ಆ ಹುಡುಗಿ ನನ್ನ ಹತ್ರ ಇಂಗ್ಲಿಷಲ್ಲಿ ಮಾತಾಡಿದ್ಲು."

"ನಿನ್ನ ಬಣ್ಣ ಬಿಸಿಲಿಗೆ ಹಂಗಾಗಿದೆ. ಅವಳಿಗೇನು ಗೊತ್ತು ಪಾಪ," ಎಂದೆ.

"ಅಲ್ಲಣ್ಣ. ನಾನೇ ಮೊದಲು ಮಾತಾಡಿದ್ದು, ನಮ್ಮ ಮಾತಲ್ಲೇ. ಆದ್ರೂ ಅವಳು ಇಂಗ್ಲಿಷಲ್ಲೇ ಉತ್ತರ ಕೊಟ್ಲು." ಆಮೇಲೆ ಕೈಯಲ್ಲಿದ್ದ ನೀಲಿ ಟೈಲ್ಸನ್ನು ತಿರುಗಿಸುತ್ತ ಹೇಳಿದರು: "ಹೋದಲ್ಲೆಲ್ಲ ನನ್ನನ್ನ 'ಬೆಲ್ಜಿಯಂನವನು' ಅಂತಿದ್ರು. ಚೆಂಡು ಬಿಟ್ರೆ ಬೈತಾ ಇದ್ರು, ಆದ್ರೆ ಏನು ಬೈದ್ರು ಅಂತ ಗೊತ್ತಾಗ್ತಿರಲಿಲ್ಲ. ನಾನು ನೆಟ್ಟಗೆ ಬೈಸಿಕೊಂಡೇ ಎಷ್ಟೋ ವರ್ಷ ಆಯ್ತಣ್ಣ. ಶನಿವಾರ ಆಡಿಸ್ತೀರಲ್ಲ?"

ಸಭಿಕರೇ, ಇದಕ್ಕೆ ನಾನೇನು ಹೇಳಲಿ? "ಶನಿವಾರ ನಿನಗೆ ದೊಡ್ಡ ಗೌರವ ಕಾದಿದೆ, ತಮ್ಮಾ" ಎಂದೆ. ಅವರ ಕಣ್ಣು ತುಂಬಿತು. ಇವರು ಅಂಗಡಿಯಿಂದ ಹೊರಟ ಮೇಲೆ ನಾನು ಕೊಕ್ಕೆ ಕೊಳ್ಳಲು ಹೋದೆ. ನಾನು ಕೆಟ್ಟವನಲ್ಲ. ಟೈಲ್ಸ್ ಹಾಸುವವನ ಮಂಡಿಗೆ ವಾರವಿಡೀ ನೆಲವೇ ಗತಿ. ಶನಿವಾರ ಒಂದೂವರೆ ತಾಸು ಮಾತ್ರ ನಾನು ನೆಟ್ಟಗೆ ನಿಂತಿರುತ್ತೇನೆ, ಎಡಗಡೆ ಗೆರೆಯ ಪಕ್ಕದಲ್ಲಿ, ಆ ಜಾಗದಲ್ಲಿ. ಅದು ಬಿಟ್ಟರೆ ನನಗೆ ಬೇರೆ ಊರಿಲ್ಲ. ಏಳು ದೇಶ ಕಂಡವನಿಗೆ ಅದೇ ಜಾಗ ಬೇಕೇ? ಇದು ನ್ಯಾಯವೇ? ಹೇಳಿ!

ಯಾರೂ ಹೇಳುತ್ತಿಲ್ಲ. ಯಾಕೆಂದರೆ ಹೇಳಲು ಯಾರೂ ಇಲ್ಲ. ಪುರಾಧ್ಯಕ್ಷೆಯವರು ಕಣ್ಣು ಮುಚ್ಚಿ ಆಲಿಸುತ್ತಿದ್ದಾರೆ, ಬಾಯಿ ಸ್ವಲ್ಪ ತೆರೆದಿದೆ. ಪಾದ್ರಿಗಳು ಲೋಟದೊಂದಿಗೆ ಕಿಟಕಿಯ ಹತ್ತಿರ ಹೋಗಿದ್ದಾರೆ. ಅದೇನು, ಸೀಟಿಯೇ? ಪಂದ್ಯ ಶುರು ಮಾಡಿಬಿಟ್ಟರೇ? ನಾನು ಇಲ್ಲಿ ಮಾತಾಡುತ್ತಿರುವಾಗ?

ಎಲ್ಲಿ, ಸ್ವಲ್ಪ ಸರಿಯಿರಿ, ಸ್ವಾಮಿ. ಹತ್ತೇ ಜನ! ಎಡ್ಡಿ ಹತ್ತೇ ಜನರನ್ನು ಇಳಿಸಿದ್ದಾನೆ, ಎಡಗಡೆ ಬಯಲು ಬಯಲಾಗಿ ಬಿದ್ದಿದೆ. ಮಾಲ್ಡರೆಮಿನ ಆ ಅಂಚೆಯವನು ರೊನಿ ಚೆಂಡು ತಳ್ಳಿಕೊಂಡು ಬರುತ್ತಿದ್ದಾನೆ, ತನ್ನ ತೋಟದಲ್ಲಿ ಅಡ್ಡಾಡುವ ಹಾಗೆ. ಯಾರಾದರೂ ಅಡ್ಡ ಬನ್ನಿರೋ! ಹೋಯಿತು. ಗೋಲು. ಕುಣಿಯುತ್ತಿದ್ದಾರೆ, ನೋಡಿ, ನಮ್ಮ ಹುಲ್ಲಿನ ಮೇಲೆ ಕುಣಿಯುತ್ತಿದ್ದಾರೆ.

ನಾನು ಹೋಗಬೇಕು. ಈಗಲೇ ಹೋಗಬೇಕು, ನನ್ನ ಜಾಗ ಅದು... ಆದರೆ ಸಭಿಕರೇ, ಅಂದರೆ ಗೋಡಲೀವ್ ಅಮ್ಮ, ಸತ್ಯ ಹೇಳಲೇ? ಆ ರೊನಿಯನ್ನು ನಾನು ಐದು ವರ್ಷದಿಂದ ಹಿಡಿಯಲು ನೋಡುತ್ತಿದ್ದೇನೆ. ಒಮ್ಮೆಯೂ ಆಗಿಲ್ಲ. ಅಂಗಿ ಹಿಡಿದದ್ದು ಬಿಟ್ಟರೆ ಏನೂ ಹಿಡಿದಿಲ್ಲ. ನನಗೆ ಹೊಟ್ಟೆ ಉರಿಯುತ್ತಿದೆ. ಇವರ ಮೇಲೆ ಉರಿಯುತ್ತಿದೆ, ಆ ಮಾಲ್ಡರೆಮಿನವರ ಮೇಲೆ ಇನ್ನೂ ಹೆಚ್ಚು ಉರಿಯುತ್ತಿದೆ. ಎರಡು ಉರಿ ಒಂದೇ ಹೊಟ್ಟೆಯಲ್ಲಿ ಹಿಡಿಸುವುದಿಲ್ಲ.

ವಾನ್ನೆಸ್! ಏನು ನೋಡ್ತಾ ಕೂತಿದ್ದೀಯೋ? ಅಮ್ಮನ ಕೈ ಬಿಡು, ಏಳು! ಕೋಟು ಬಿಚ್ಚಿ ಎಸಿ. ಆ ರೊನಿ ಬಲಗಡೆ ಹೋಗೋ ಥರ ಆಡಿ ಒಳಗೆ ನುಗ್ತಾನೆ, ನಂಬಬೇಡ. ಅಯ್ಯೋ, ಆ ಬಾಗಿಲು ತಳ್ಳೋದಲ್ಲ ಮಾರಾಯ, ಎಳೆಯೋದು! ಹಾಂ. ಓಡು!

ಹೋದ. ಹೋದರು.

ಅಧ್ಯಕ್ಷರೇ, ಸನ್ಮಾನಿತರು ಕಾರ್ಯನಿಮಿತ್ತ ಹೊರಗೆ ಹೋಗಿರುವುದರಿಂದ ಬೂಟು ತೂಗುಹಾಕುವ ಕಾರ್ಯಕ್ರಮವನ್ನು ಮುಂದೂಡಲಾಗಿದೆ. ಎಷ್ಟು ವರ್ಷ ಎಂದು ತಿಳಿಸಲಾಗುವುದಿಲ್ಲ. ನನ್ನ ಮಾತುಗಳನ್ನು ನಿದ್ದೆಯಲ್ಲೂ ಸಹನೆಯಿಂದ ಕೇಳಿದ ತಮಗೂ, ಪೂಜ್ಯ ಪಾದ್ರಿಗಳಿಗೂ, ಇಂಥ ಮಗನನ್ನು ಹೆತ್ತು ನನ್ನ ನೆಮ್ಮದಿ ಕೆಡಿಸಿದ ಗೋಡಲೀವ್ ಅಮ್ಮನವರಿಗೂ, ಅಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತ ಅದು ಎಣ್ಣೆಯ ಹೊಗೆಯೆಂದು ಹೇಳಲಿರುವ ನನ್ನ ಹೆಂಡತಿಗೂ ವಂದನೆಗಳು. ನನ್ನ ಭಾಷಣ ಮುಗಿಯಿತು. ದಯವಿಟ್ಟು ಯಾರಾದರೂ ಆ ಕಿಟಕಿ ತೆರೆಯಿರಿ. ನೋಡಿ, ಇಳಿದ ಕೂಡಲೇ ಚೆಂಡು ಬಿಟ್ಟುಕೊಟ್ಟ; ನಮ್ಮ ಲೆಫ್ಟ್ ಬ್ಯಾಕಿಗೆ ಊರ ಮಾತಿನಲ್ಲೇ ನಾನು ಸ್ವಲ್ಪ ಬೈಯುವುದಿದೆ. ನಮಸ್ಕಾರ.